ಲಕ್ಕಮ್ಮನ ಅಕ್ಕಿ, ಮುಕ್ಕಾಲು ಮಿಲಿಮೀಟರ್ ತಗಡು

ಕಳೆದ ಶ್ರಾವಣದಲ್ಲಿ ನಮ್ಮ ಬಡಾವಣೆಯ ಮಠದಲ್ಲಿ ತಿಂಗಳಿಡೀ ಶರಣರ ಪ್ರವಚನ ಇಟ್ಟಿದ್ದರು. ಏಳು ಗಂಟೆಗೆ ಶೆಟರ್ ಎಳೆದು, ಸೋಪಿನ ಪುಡಿಯಲ್ಲಿ ಕೈ ಉಜ್ಜಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಎಷ್ಟು ಉಜ್ಜಿದರೂ ಮೈಯಿಂದ ಗ್ರೈಂಡರಿನ ಸುಟ್ಟ ವಾಸನೆ ಹೋಗುವುದಿಲ್ಲ, ಅದಕ್ಕೇ ಹಿಂದಿನ ಸಾಲು.

ಒಂದು ಸಂಜೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಬಂತು. ಹನ್ನೆರಡನೇ ಶತಮಾನ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡ ಹೆಂಡತಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ದಿನಾ ಆಯ್ದು ತರುತ್ತಿದ್ದ, ಲಕ್ಕಮ್ಮ ಅದರಲ್ಲೇ ಅಡುಗೆ ಮಾಡಿ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದಳು. ಇದು ನಮಗೆ ಬೇಕಾದ್ದಕ್ಕಿಂತ ಜಾಸ್ತಿ, ತಂದ ಜಾಗದಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಇಷ್ಟೇ ಕಥೆ. ಪ್ರವಚನಕಾರರು ಇದರಿಂದ ಆಸೆ ಕೆಟ್ಟದ್ದು ಎಂಬ ನೀತಿ ತೆಗೆದರು. ಎಲ್ಲರೂ ತಲೆ ಆಡಿಸಿದರು.

ನನಗೆ ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಯಿತು. ಮನೆಯಲ್ಲಿ ತಕ್ಕಡಿ ಇತ್ತು ಅಂತ ಕಥೆ ಹೇಳುವುದಿಲ್ಲ. ಹೆಚ್ಚಾಯಿತು ಅಂತ ಲಕ್ಕಮ್ಮನಿಗೆ ಗೊತ್ತಾದದ್ದು ಹೇಗೆ?

ಮಂಗಳಾರತಿ ಆದ ಮೇಲೆ ಹೋಗಿ ಕೇಳಿಯೂ ಕೇಳಿದೆ. "ಶರಣರಿಗೆ ಗೊತ್ತಾಗದೆ ಇರುತ್ತದೆಯೇನಪ್ಪಾ" ಎಂದು ನಕ್ಕು ಪ್ರಸಾದ ಕೊಟ್ಟರು. ದೊಡ್ಡವರು. ಆದರೆ ಅದು ಉತ್ತರವಲ್ಲ. ಸಾಕು ಅನ್ನುವುದು ನನಗೆ ವೇದಾಂತದ ಮಾತಲ್ಲ. ದಿನಕ್ಕೆ ನೂರು ಸಲ ನನ್ನ ಹೆಬ್ಬೆರಳ ಪಕ್ಕದ ಬೆರಳು ವೆಲ್ಡಿಂಗ್ ಟಾರ್ಚಿನ ಗುಂಡಿಯ ಮೇಲೆ ಅದನ್ನು ತೀರ್ಮಾನಿಸಬೇಕು. ತಪ್ಪಿದರೆ ತೂತು.

ನಾನು ಟಿಂಕರ್. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಬಂದರೆ ಸುತ್ತಿಗೆ ಸದ್ದು ಕೇಳುತ್ತದಲ್ಲ, ಆ ಕಸುಬಿನವನು. ಗುದ್ದಿದ, ಬಗ್ಗಿದ, ತುಕ್ಕು ತಿಂದ ಕಾರಿನ ಮೈಯನ್ನು ಸರಿ ಮಾಡುವುದು. ತುಕ್ಕು ತಿಂದದ್ದನ್ನು ಕತ್ತರಿಸಿ, ಹೊಸ ತಗಡು ಕೂರಿಸಿ, ಬೆಸೆದು, ತೇದು, ಲಂಬಿ, ಅಂದರೆ ಪುಟ್ಟಿ, ಹಚ್ಚಿ, ಪೇಂಟರ್ ಕೈಗೆ ಕೊಡಬೇಕು. ಪುಸ್ತಕದಲ್ಲಿ ಮಿಗ್ ವೆಲ್ಡಿಂಗ್ ಅನ್ನುತ್ತಾರೆ, ನಮ್ಮ ಸಾಲಿನಲ್ಲಿ ಸಿಓಟು ಮಷಿನ್ ಅಂದರೇ ಗೊತ್ತು, ಅದರಲ್ಲಿ ಆರ್ಗಾನ್ ಹಾಕಿದರೂ ಅಷ್ಟೆ.

ಕಾರಿನ ಹೊರಮೈ ತಗಡು ಎಷ್ಟು ದಪ್ಪ ಅಂದುಕೊಂಡಿದ್ದೀರಿ? ಈಗಿನ ಕಾರುಗಳಲ್ಲಿ ಬಹುಪಾಲು 0.7ರಿಂದ 0.8 ಮಿಲಿಮೀಟರ್. ತುಕ್ಕು ಹಿಡಿದ ಕಡೆ ಅದರಲ್ಲೂ ಅರ್ಧ ಹೋಗಿರುತ್ತದೆ. ಗೇಟು, ಟ್ರ್ಯಾಕ್ಟರ್ ಟ್ರೇಲರ್ ಮಾಡುವವರು ನಮ್ಮನ್ನು ನೋಡಿ ನಗುತ್ತಾರೆ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತಾ ಅಂತ. ಅವರ ಆರು ಮಿಲಿಮೀಟರ್ ಪ್ಲೇಟಿಗೆ ಇಪ್ಪತ್ತು ಆಂಪಿಯರ್ ಹೆಚ್ಚಾದರೂ ಅದು ಮಾತಾಡುವುದಿಲ್ಲ. ಬಿಸಿಯನ್ನು ಒಳಗೆ ಎಳೆದುಕೊಂಡು ಸುಮ್ಮನಿರುತ್ತದೆ. ನಮ್ಮ ತಗಡಿನಲ್ಲಿ ಬಿಸಿ ಹೋಗುವುದಕ್ಕೆ ಜಾಗವೇ ಇಲ್ಲ. ಅಂಚು ಕೆಂಪಾಗುತ್ತದೆ, ಜೋಲುತ್ತದೆ, ಟಪ್ ಅಂತ ಬಿದ್ದುಹೋಗುತ್ತದೆ. ಆ ತೂತು ಮುಚ್ಚೋಣ ಅಂತ ಮತ್ತೆ ಹೊಡೆದರೆ ಬಟಾಣಿಯಷ್ಟಿದ್ದದ್ದು ರೂಪಾಯಿ ನಾಣ್ಯದಷ್ಟಾಗುತ್ತದೆ.

ಗಿರಾಕಿಗಳು ಮೊದಲು ಕೇಳುವುದು ತಂತಿಯ ದಪ್ಪ. "ದಪ್ಪ ವೈರ್ ಹಾಕಿ ಅಣ್ಣಾ, ಗಟ್ಟಿಯಾಗಿ ಬರಲಿ." ಫ್ಯಾಬ್ರಿಕೇಶನ್ ಶಾಪಿನಲ್ಲಿ 1.2 ಓಡಿಸುವುದನ್ನು ಅವರು ನೋಡಿರುತ್ತಾರೆ. ನಾನು ಹಾಕುವುದು 0.8, ಸಿಕ್ಕಾಗ 0.6. ಹೊಲಿಯುವ ದಾರಕ್ಕಿಂತ ಕೊಂಚ ದಪ್ಪ, ಅಷ್ಟೆ. ಕಾರಣ ಸರಳ. ತಂತಿ ದಪ್ಪವಾದಷ್ಟೂ ಅದು ಹದವಾಗಿ ಕರಗಲು ಹೆಚ್ಚು ಕರೆಂಟು ಬೇಕು. ದಪ್ಪ ತಂತಿ ಕರಗುವ ಹೊತ್ತಿಗೆ ತಗಡೇ ಕರಗಿ ನೆಲಕ್ಕಿಳಿದಿರುತ್ತದೆ. ಗ್ಯಾಸ್ ಬೇಡದ ಫ್ಲಕ್ಸ್ ತಂತಿ ಅಂತ ಒಂದು ಬಂದಿದೆ, ಬಯಲಲ್ಲಿ ಗಾಳಿಗೆ ನಿಂತು ಕೆಲಸ ಮಾಡುವವರಿಗೆ ಅನುಕೂಲ, ಆದರೆ ಅದರ ಬಿಸಿಯನ್ನು ಈ ತಗಡು ತಡೆಯುವುದಿಲ್ಲ.

ಗಟ್ಟಿತನದ ವಿಷಯಕ್ಕೆ ಬಂದರೆ, ನಾವು ಬಳಸುವ ತಾಮ್ರ ಲೇಪಿಸಿದ ತಂತಿಯ ಡಬ್ಬದ ಮೇಲೆ ಇಆರ್ 70 ಎಸ್-6 ಅಂತ ಬರೆದಿರುತ್ತದೆ. 70 ಅಂದರೆ ಆ ಬೆಸುಗೆ ಚದರ ಇಂಚಿಗೆ ಕನಿಷ್ಠ 70,000 ಪೌಂಡ್ ಎಳೆತ ತಡೆಯಬೇಕು. ಕೊನೆಯ 6 ಅದರಲ್ಲಿರುವ ಸಿಲಿಕಾನ್, ಮ್ಯಾಂಗನೀಸಿನ ಲೆಕ್ಕ ಹೇಳುತ್ತದೆ. ಚೂರುಪಾರು ತುಕ್ಕು, ಕೊಳೆ ಇದ್ದರೂ ಸುಧಾರಿಸಿಕೊಳ್ಳುವುದು ಅವುಗಳಿಂದ. ಮಡ್‌ಗಾರ್ಡಿನ ಮೆತ್ತನೆ ತಗಡಿಗೆ ಈ ತಂತಿಯಷ್ಟು ಶಕ್ತಿ ಇಲ್ಲ. ಅಂದರೆ ಬೆಸುಗೆ ಆಗಲೇ ತಗಡಿಗಿಂತ ಗಟ್ಟಿ. ಅದರ ಮೇಲೆ ಇನ್ನೊಂದು ಸುತ್ತು ಹೊಡೆದು ಯಾರನ್ನು ಕಾಪಾಡಬೇಕು? ಹಾಗೆ ಹೊಡೆದ ಕಡೆ ಬೆಸುಗೆ ಬಿಡುವುದಿಲ್ಲ, ನಿಜ. ಬೆಸುಗೆಯ ಪಕ್ಕದ ತಗಡು ಬಿಡುತ್ತದೆ.

ಇದನ್ನು ನಾನು ಕಲಿತದ್ದು ಒಬ್ಬ ನಿವೃತ್ತ ಮೇಷ್ಟ್ರ ಬಿಳಿ ಫಿಯಟ್ಟಿನ ಮೇಲೆ. ಸ್ವಂತ ಶೆಡ್ ಹಾಕಿ ಎರಡನೇ ವರ್ಷ. ಹಿಂದಿನ ಚಕ್ರದ ಮೇಲಿನ ಕಮಾನು ಮಲೆನಾಡಿನ ಮಳೆಗೆ ತೂತಾಗಿತ್ತು. "ಇದೇ ನನ್ನ ಕೊನೇ ಕಾರು ಕಣಪ್ಪ, ಗಟ್ಟಿಯಾಗಿ ಹಾಕು" ಅಂದರು. ನನಗೆ ಅವರ ಮೇಲೆ ಅಭಿಮಾನ, ಅಣ್ಣನಿಗೆ ಪಾಠ ಹೇಳಿದವರು. ಟಚ್ ಟಚ್ ಹೊಡೆಯುತ್ತಾ ಕೂರುವುದು ಬಿಟ್ಟು, ಒಂದೇ ಎಳೆತಕ್ಕೆ ಆರು ಇಂಚು ಓಡಿಸಿದೆ. ಮೇಲಿಂದ ಇನ್ನೊಂದು. ನೋಡಲು ಏನು ಚೆಂದ, ಜಡೆ ಹೆಣೆದ ಹಾಗೆ! ಆರುತ್ತಾ ಬಂದ ಹಾಗೆ ಇಡೀ ಕಮಾನು ಹಪ್ಪಳದ ಹಾಗೆ ಸೊಟ್ಟಗಾಯಿತು. ಹಿಂದಿನಿಂದ ಡಾಲಿ ಕಬ್ಬಿಣ ಕೊಟ್ಟು ಬಡಿದೆ. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಏಳುತ್ತದೆ. ಕೊನೆಗೆ ಕಾಲಿಂಚು ಲಂಬಿ ಹಚ್ಚಿ, ತೇದು, ಬಣ್ಣ ಹೊಡೆಸಿ ಕೊಟ್ಟೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮೇಷ್ಟ್ರು ಐವತ್ತು ರೂಪಾಯಿ ಜಾಸ್ತಿ ಕೊಟ್ಟರು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕಾರು ವಾಪಸು ಬಂತು. ಬೆಸುಗೆಗೆ ಒತ್ತಿಕೊಂಡು ಕೂದಲೆಳೆ ಬಿರುಕು, ಅದರಲ್ಲಿ ನೀರು, ಹಿಂಬದಿಯಿಂದ ತುಕ್ಕು. ಮೇಷ್ಟ್ರು ಬೈಯಲಿಲ್ಲ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಲಂಬಿ ರೊಟ್ಟಿಯ ಹಾಗೆ ಇಡಿಯಾಗಿ ಕಳಚಿ ನನ್ನ ಕಾಲ ಬುಡಕ್ಕೆ ಬಿತ್ತು. "ನಾನೇ ಜಾಸ್ತಿ ಕೇಳಿದೆ ಅಂತ ಕಾಣುತ್ತೆ" ಅಂದರು. ಆ ಮಾತಿಗೆ ಬೈಗುಳವೇ ವಾಸಿಯಾಗಿತ್ತು. ಕಾಸು ತಗೊಳ್ಳದೆ ಪೂರ್ತಿ ಕತ್ತರಿಸಿ ಮತ್ತೆ ಮಾಡಿಕೊಟ್ಟೆ.

ಪ್ರವಚನದಲ್ಲಿ ಕೂತು ಆಸೆ ಆಸೆ ಅಂತ ಕೇಳುವಾಗ ನನಗೆ ಆ ಫಿಯಟ್ ನೆನಪಾಗುತ್ತಿತ್ತು. ಅವತ್ತು ನನಗೆ ಯಾವ ಆಸೆಯೂ ಇರಲಿಲ್ಲ, ಇದ್ದದ್ದು ಅಭಿಮಾನ. ಲಕ್ಕಮ್ಮನ ಕಥೆಯನ್ನೂ ಇನ್ನೊಂದು ಬಗೆಯಲ್ಲಿ ಹೇಳುವವರಿದ್ದಾರೆ. ಆ ದಿನ ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರಂತೆ, ಪಾಪ ಬಡ ದಂಪತಿಗೆ ಅನುಕೂಲವಾಗಲಿ ಅಂತ. ನನಗೆ ಈ ಕಥೆಯೇ ಸರಿ ಅನಿಸುತ್ತದೆ. ಹೀಗೆ ಹೇಳಿದರೆ ಅಂಗಳದಲ್ಲಿ ದುರಾಸೆ ಪಟ್ಟವರು ಯಾರೂ ಇಲ್ಲ. ಚೆಲ್ಲಿದವರದು ಕರುಣೆ, ಆಯ್ದವನದು ನಿಷ್ಠೆ. ಆದರೂ ಅಕ್ಕಿ ಹೆಚ್ಚಾಯಿತು. ದುರಾಸೆಯ ಹೆಚ್ಚನ್ನು ಯಾರು ಬೇಕಾದರೂ ಗುರುತಿಸಬಹುದು, ಪ್ರೀತಿಯಿಂದ ಬಂದ ಹೆಚ್ಚನ್ನು ಬೇಡ ಅನ್ನುವುದು ಕಷ್ಟ. ಮದುವೆ ಮನೆಯಲ್ಲಿ ನೋಡಿ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಅಂದರೂ, ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಿ ಹೋಗುತ್ತಾರೆ. ನಮ್ಮ ಭಾಷೆಯ ಕಿಲಾಡಿತನ ನೋಡಿ, ಸಾಕು ಅಂದರೆ ಇನ್ನು ಬೇಡ ಅಂತಲೂ ಹೌದು, ಮಗುವನ್ನು ಸಾಕು ಅಂದಾಗ ಕಾಪಾಡಿ ಬೆಳೆಸು ಅಂತಲೂ ಹೌದು. ಎರಡೂ ಒಂದೇ ಬೇರಿನಿಂದ ಬಂದವೋ ಇಲ್ಲವೋ ಪಂಡಿತರು ಹೇಳಲಿ. ತಗಡಿನ ಮಟ್ಟಿಗೆ ಎರಡೂ ಒಂದೇ.

ಹಾಗಾದರೆ ಎಷ್ಟು ಸಾಕು? ನನ್ನ ಬಳಿ ಕೆಲಸಕ್ಕೆ ಬರುವ ಪ್ರತಿ ಹುಡುಗನೂ ಮೊದಲ ವಾರ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ನಂಬರ್ ಎಷ್ಟಕ್ಕೆ ಇಡ್ಲಿ?" ಮಷಿನ್ನಿನ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿರುತ್ತಾರೆ, ಇಷ್ಟು ದಪ್ಪಕ್ಕೆ ಇಷ್ಟು ವೋಲ್ಟು, ತಂತಿಗೆ ಇಷ್ಟು ವೇಗ ಅಂತ. 0.8ರ ತಗಡಿಗೆ ಹದಿನೈದು ವೋಲ್ಟಿನ ಆಸುಪಾಸು, ನಲವತ್ತು ಆಂಪಿಯರ್ ಒಳಗೆ. ಗ್ಯಾಸು ನಿಮಿಷಕ್ಕೆ ಎಂಟು ಹತ್ತು ಲೀಟರ್. ಬರಿ ಸಿಓಟು ಅಗ್ಗ, ಆದರೆ ಆಳಕ್ಕೆ ಕೊರೆಯುತ್ತದೆ, ಕಿಡಿ ಉಗುಳುತ್ತದೆ. ನೂರರಲ್ಲಿ ಎಂಬತ್ತು ಪಾಲು ಆರ್ಗಾನ್ ಇರುವ ಮಿಶ್ರಣ ದುಬಾರಿ, ತಗಡಿಗೆ ಅದೇ ವಾಸಿ. ಪಟ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಪಟ್ಟಿ ಬರೆದವನಿಗೆ ನಮ್ಮೂರ ಕರೆಂಟು ಗೊತ್ತಿಲ್ಲ. ನನ್ನದು ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್. ಬೆಳಿಗ್ಗೆ ಹತ್ತಕ್ಕೆ ಹದವಾಗಿದ್ದ ಗುರುತು ಸಂಜೆ ಏಳಕ್ಕೆ ಊರೆಲ್ಲ ದೀಪ ಹಾಕಿದಾಗ ಸಾಯುತ್ತದೆ. ಉದ್ದ ವೈರ್ ಎಳೆದು ಹೊರಗೆ ಮಾಡಿದರೆ ಇನ್ನೊಂದು ಬಗೆ. ಆಷಾಢದ ಥಂಡಿಗೆ ತಂತಿ ಸುರುಳಿ ತುಕ್ಕು ಹಿಡಿದರೆ ಟಿಪ್ಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲಿ ಯಾರಾದರೂ ಫ್ಯಾನ್ ಹಾಕಿದರೆ ಗ್ಯಾಸು ಹಾರಿಹೋಗಿ ಬೆಸುಗೆ ರವೆ ಇಡ್ಲಿ ಹಾಗೆ ತೂತು ತೂತು.

ಅದಕ್ಕೆ ಹುಡುಗರಿಗೆ ನಂಬರ್ ಹೇಳುವುದಿಲ್ಲ. ಯಾವ ಬಾಗಿಲಿನ ಕೆಲಸವೋ ಅದರಿಂದಲೇ ಕತ್ತರಿಸಿದ ತುಂಡು ತಗಡು ಕೊಡುತ್ತೇನೆ. ಮೊದಲು ಇದರ ಮೇಲೆ ಹೊಡಿ. ತಂತಿ ಟಿಪ್ಪಿನಿಂದ ಉಗುರಿನಷ್ಟು ಹೊರಗಿರಲಿ. ಕಿವಿ ಕೊಡು. ಸಣ್ಣ ಉರಿಯಲ್ಲಿ ಎಣ್ಣೆಗೆ ಬಿಟ್ಟ ಬೋಂಡದ ಸದ್ದು ಒಂದೇ ಸಮ ಬರಬೇಕು. ಆ ಸದ್ದು ಬೇರೇನಲ್ಲ, ತಂತಿಯ ತುದಿ ಸೆಕೆಂಡಿಗೆ ಹತ್ತಾರು ಸಲ ತಗಡನ್ನು ಮುಟ್ಟಿ, ಒಂದೊಂದು ಹನಿ ಬಿಟ್ಟು, ಹಿಂದೆ ಸರಿಯುವ ಸದ್ದು. ತಂತಿ ಜೋರಾಗಿ ಬಂದರೆ ಟಾರ್ಚು ನಿನ್ನ ಕೈಯನ್ನು ಹಿಂದಕ್ಕೆ ನೂಕುತ್ತದೆ. ನಿಧಾನವಾದರೆ ತುದಿಯಲ್ಲಿ ಗುಂಡು ಕಟ್ಟಿ ಟಿಪ್ಪಿಗೇ ಹತ್ತಿಕೊಳ್ಳುತ್ತದೆ. ಆಮೇಲೆ ತುಂಡನ್ನು ತಿರುವಿ ಬೆನ್ನು ನೋಡು. ಹಿಂದುಗಡೆ ಒಂದು ಸಣ್ಣ ಗೆರೆ ಉಬ್ಬಿರಬೇಕು. ಉಬ್ಬೇ ಇಲ್ಲದಿದ್ದರೆ ಮೇಲೆ ಅಂಟಿದೆ ಅಷ್ಟೆ, ಹನಿ ಜೋತಾಡುತ್ತಿದ್ದರೆ ಜಾಸ್ತಿಯಾಗಿದೆ.

ಬುದ್ಧ ಸೋಣ ಎಂಬ ಭಿಕ್ಷುವಿಗೆ ವೀಣೆಯ ತಂತಿಯ ಉದಾಹರಣೆ ಕೊಟ್ಟ ಕಥೆ ನಿಮಗೆ ಗೊತ್ತಿರಬಹುದು, ತೀರಾ ಬಿಗಿದರೂ ನುಡಿಯದು, ಸಡಿಲವಾದರೂ ನುಡಿಯದು ಅಂತ. ತಂತಿ ನೂಕುವ ರೋಲಿನ ಸ್ಪ್ರಿಂಗಿಗೆ ಅದು ಅಕ್ಷರಶಃ ಸರಿ. ಬಿಗಿ ಜಾಸ್ತಿಯಾದರೆ ತಂತಿ ಚಪ್ಪಟೆಯಾಗಿ ಒಳಗೇ ಕಾಗೆ ಗೂಡು ಕಟ್ಟುತ್ತದೆ, ಕಡಿಮೆಯಾದರೆ ಜಾರುತ್ತದೆ. ಆದರೆ ಮಧ್ಯಮ ಮಾರ್ಗ ಅಂದರೆ ನಾಬನ್ನು ನಟ್ಟನಡುವೆ ಇಡುವುದು ಅಂತ ತಿಳಿದವರಿದ್ದಾರೆ. ನಮ್ಮ ಮಷಿನ್ನಿನಲ್ಲಿ ನಟ್ಟನಡುವೆ ಇಟ್ಟರೆ ಬಾಗಿಲು ಉಳಿಯುವುದಿಲ್ಲ. ತೆಳು ತಗಡಿನ ಮಧ್ಯ ಇರುವುದು ನಾಬಿನ ಕೆಳ ತುದಿಗೆ ಹತ್ತಿರ.

ನನಗೆ ಹದ ನೋಡುವುದನ್ನು ಮೊದಲು ಕಲಿಸಿದವರು ನಮ್ಮ ಉಸ್ತಾದ್. 1994ರಲ್ಲಿ ಹತ್ತನೇ ತರಗತಿ ಬಿಟ್ಟು ಅವರ ಹತ್ತಿರ ಸೇರಿದಾಗ ನಮ್ಮ ಶೆಡ್ಡಿಗೆ ಸಿಓಟು ಬಂದಿರಲಿಲ್ಲ. ಕಾರ್ಬೈಡ್ ಡಬ್ಬಿಯ ಗ್ಯಾಸ್ ವೆಲ್ಡಿಂಗ್, ಬೆಳ್ಳುಳ್ಳಿ ಕೊಳೆತ ಹಾಗೆ ವಾಸನೆ. ವಾರಕ್ಕೆ ಇಪ್ಪತ್ತು ರೂಪಾಯಿ. ಅವರು ಮಾತಾಡುವುದೇ ಕಡಿಮೆ. ಜ್ವಾಲೆ ತಗಡಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ಹಿಂದಿನಿಂದ ಒಂದೇ ಪದ ಬರುತ್ತಿತ್ತು: "ಬಸ್." ಇನ್ನೂ ಹಿಡಿದರೆ "ಜ್ಯಾದಾ ನಕ್ಕೋ ರೇ" ಅಂತ ಬೆನ್ನಿಗೊಂದು ಏಟು. ಆ ವರ್ಷ ರಮ್ಜಾನ್ ಫೆಬ್ರವರಿಯಲ್ಲಿ ಬಂತು. ಇಡೀ ದಿನ ಬೆಂಕಿಯ ಮುಂದೆ ನೀರಿಲ್ಲದೆ ದುಡಿದು, ಸಂಜೆ ಬಾಂಗ್ ಕೇಳಿದ ಮೇಲೆ ಒಂದು ಖರ್ಜೂರ, ಒಂದು ಗುಟುಕು ನೀರು. ನಾನು ಹುಡುಗಬುದ್ಧಿಯಲ್ಲಿ ಲೋಟ ತುಂಬಾ ತಂದುಕೊಟ್ಟೆ. ಅರ್ಧ ಕುಡಿದು ಇಟ್ಟರು. ಇವತ್ತು ಈ ನೀರು ಗಂಟಲಿಂದ ಹೊಟ್ಟೆಗೆ ಹೋಗುವ ದಾರಿಯೆಲ್ಲ ಗೊತ್ತಾಗುತ್ತದೆ, ನಾಳೆ ಹಬ್ಬ ಮುಗಿದರೆ ಕೊಡ ಕುಡಿದರೂ ಗೊತ್ತಾಗಲ್ಲ ಅಂದರು.

ಮೂವತ್ತು ವರ್ಷದ ಮೇಲೆ, ಮಠದ ಹಿಂದಿನ ಸಾಲಿನಲ್ಲಿ ಕೂತಿದ್ದಾಗ ಆ ಅರ್ಧ ಲೋಟ ಕಣ್ಣಿಗೆ ಬಂತು. ಲಕ್ಕಮ್ಮನಿಗೆ ಗೊತ್ತಾದದ್ದು ಹೀಗೇ ಇರಬೇಕು. ಆ ಮನೆಯಲ್ಲಿ ಹಗೇವು ಇರಲಿಲ್ಲ, ನಾಳೆಯ ಮೂಟೆ ಇರಲಿಲ್ಲ. ಪ್ರತಿದಿನ ಅದೇ ಜೋಳಿಗೆ, ಅದೇ ಭಾರ, ಅದೇ ಒಲೆ. ಒಂದು ಹಿಡಿ ಹೆಚ್ಚಾದರೆ ಕೈಗೆ ಗೊತ್ತಾಗದೆ ಇರಲು ಅಲ್ಲಿ ಬೇರೆ ಅಕ್ಕಿಯೇ ಇಲ್ಲ. ಅರಮನೆಯ ಉಗ್ರಾಣಕ್ಕೆ ಒಂದು ಖಂಡುಗ ಹೆಚ್ಚು ಬಂದರೂ ಅದು ಆರು ಮಿಲಿಮೀಟರ್ ಪ್ಲೇಟಿನ ಹಾಗೆ ನುಂಗಿಕೊಂಡು ಸುಮ್ಮನಿರುತ್ತದೆ. ತೆಳುವಾಗಿದ್ದದ್ದಕ್ಕೇ ಲಕ್ಕಮ್ಮನ ಮನೆಗೆ ಕಿವಿ ಇತ್ತು. ಶರಣರಿಗೆ ಎಲ್ಲ ಗೊತ್ತಾಗುತ್ತದೆ ಅನ್ನುವುದಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಇದು ದಿನದಿನದ ಅಭ್ಯಾಸದಿಂದ ಬಂದ ಅರಿವು, ಪವಾಡ ಅಲ್ಲ.

ಹೀಗೆ ಬರೆದ ಮೇಲೆ ನನಗೇ ಒಂದು ಭಯ. ಬಡತನವೇ ಒಳ್ಳೆಯದು ಅಂತ ಯಾರಾದರೂ ಓದಿಕೊಂಡಾರು. ಮಾರಯ್ಯನ ವಚನದಿಂದ ಬಂದ "ಕಾಯಕವೇ ಕೈಲಾಸ" ಎಂಬ ಎರಡು ಪದಗಳು ಈಗ ನಾಡಿನ ಎಲ್ಲ ಗ್ಯಾರೇಜು, ಮಿಲ್ಲು, ಕಚೇರಿಗಳ ಗೋಡೆಯ ಮೇಲಿವೆ. ಅದನ್ನು ಬರೆಸಿ ನೇತು ಹಾಕುವವರು ಸಂಬಳ ಕೊಡುವವರು, ಓದುತ್ತಾ ದುಡಿಯುವವರು ಸಂಬಳ ತಗೊಳ್ಳುವವರು. ಇದನ್ನು ಗಮನಿಸಿದ್ದೀರಾ? ಉಸ್ತಾದರ ಉಪವಾಸಕ್ಕೆ ಸಂಜೆಯ ಖರ್ಜೂರ ಕಾದಿತ್ತು. ಲಕ್ಕಮ್ಮ ತಾನೇ ಅಳೆದುಕೊಂಡು, ತಾನೇ ಸಾಕು ಅಂದಳು. ಇನ್ನೊಬ್ಬರ ಎಲೆಗೆ ಬಡಿಸುವಾಗ ನಾವೇ ಸಾಕು ಅಂದುಬಿಟ್ಟರೆ ಅದಕ್ಕೆ ಬೇರೆ ಹೆಸರಿದೆ. ನನ್ನ ಶೆಡ್ಡಿನಲ್ಲಿ ಇಬ್ಬರು ಹುಡುಗರಿದ್ದಾರೆ. ಅವರಿಗೆ ಕೊಡುವುದು ಸಾಕೋ ಸಾಲದೋ ನಾನು ಹೇಳಕೂಡದು, ಅವರು ಹೇಳಬೇಕು. ಕಳೆದ ಆಯುಧಪೂಜೆಯ ದಿನ ಹೇಳಿದರು ಕೂಡ, ಸಾಲದು ಅಂತ. ಮಷಿನ್ನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಅವತ್ತೇ ಏರಿಸಿದೆ.

ಇನ್ನೊಂದು ಮಾತಿದೆ, ಕಾಯುವುದರದು. ಒಂದು ಅಡಿ ಉದ್ದದ ಜೋಡಣೆಯನ್ನು ನಾವು ಒಂದೇ ಸಲಕ್ಕೆ ಬೆಸೆಯುವುದಿಲ್ಲ. ಹಿಂದೆ ತಾಮ್ರದ ಪಟ್ಟಿ ಒತ್ತಿಡುತ್ತೇವೆ, ಕಬ್ಬಿಣ ಅದಕ್ಕೆ ಅಂಟುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ಆಮೇಲೆ ಇಲ್ಲೊಂದು ಟಚ್, ಆ ತುದಿಗೊಂದು ಟಚ್, ನಡುವೆ ಒಂದು. ಅಂಗೈಯ ಹಿಂಭಾಗ ತಾಗಿಸಿದರೆ ತಡೆಯುವಷ್ಟು ಆರಬೇಕು, ಆಮೇಲೆ ಮುಂದಿನದು. ಹೀಗೆ ಚುಕ್ಕಿ ಚುಕ್ಕಿ ಸೇರಿ ಗೆರೆಯಾಗಬೇಕು, ರಂಗೋಲಿಯ ಹಾಗೆ. ಹೊಡೆಯುವ ಹೊತ್ತಿಗಿಂತ ಸುಮ್ಮನೆ ಕೂರುವ ಹೊತ್ತೇ ಜಾಸ್ತಿ. ಬಾಗಿಲಲ್ಲಿ ನಿಂತ ಗಿರಾಕಿಗೆ ನಾವು ಟೀ ಕುಡಿಯುತ್ತಾ ಹರಟುತ್ತಿದ್ದೇವೆ ಅನಿಸುತ್ತದೆ. ಆ ಕೂತದ್ದಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ.

ಜಾಸ್ತಿಯಾದದ್ದನ್ನೆಲ್ಲ ಮುಚ್ಚುವುದು ಲಂಬಿ ಮತ್ತು ಬಣ್ಣ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಒಂದು ವಿನಂತಿ. ನಿಮ್ಮ ಕಾರನ್ನು ನನ್ನ ಹತ್ತಿರವೇ ಬಿಡಿ, ಬೇರೆ ಯಾರ ಹತ್ತಿರವೇ ಬಿಡಿ, ಬಣ್ಣ ಹೊಡೆದು ಹೊಳೆಯುವ ದಿನ ಬರುವುದಕ್ಕಿಂತ ಅದಕ್ಕೆ ಎರಡು ದಿನ ಮುಂಚೆ ಬನ್ನಿ, ಲಂಬಿ ಹಚ್ಚುವ ಮೊದಲು. ಬಗ್ಗಿ, ಕೈ ಒಳಗೆ ಹಾಕಿ, ಬೆಸುಗೆಯ ಬೆನ್ನು ಮುಟ್ಟಿ ನೋಡಿ. ಬ್ಯಾಟರಿ ಬೇಕಾದರೆ ನಾನೇ ಹಿಡಿಯುತ್ತೇನೆ.